ನವೋದ್ಯಮಿಗಳ ವಾಸದ ಪರವಾನಗಿ (ನೆದರ್ಲೆಂಡ್ಸ್)

ಹೊಸ ಬಗೆಯ ಉತ್ಪನ್ನ ಅಥವಾ ಸೇವೆಯೊಂದನ್ನು ಕಂಪನಿಯಾಗಿ ಬೆಳೆಸಲು ಬರುವ ಹೊರನಾಡಿನ ಉದ್ಯಮಿಗಳಿಗೆ ನೆದರ್ಲೆಂಡ್ಸ್ ನೀಡುವ ಒಂದು ವರ್ಷದ ವಾಸದ ಪರವಾನಗಿ. ಜನರ ಬಾಯಲ್ಲಿ ‘ಸ್ಟಾರ್ಟ್‌ಅಪ್ ವೀಸಾ’. 2015ರ ಜನವರಿ 1ರಂದು ಜಾರಿಗೆ ಬಂತು. ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಇದರ ಅಗತ್ಯವಿಲ್ಲ, ಭಾರತೀಯರಿಗೆ ಬೇಕು. ಅರ್ಜಿಯನ್ನು ತೀರ್ಮಾನಿಸುವುದು ವಲಸೆ ಇಲಾಖೆಯಾದ ಐಎನ್‌ಡಿ. ಕಂಪನಿಯ ಯೋಜನೆಯಲ್ಲಿ ಹುರುಳಿದೆಯೇ ಎಂದು ಪರಿಶೀಲಿಸಿ ಐಎನ್‌ಡಿಗೆ ಸಲಹೆ ಕೊಡುವುದು ಆರ್‌ವಿಒ ಎಂಬ ಉದ್ಯಮ ಏಜೆನ್ಸಿ.

ಹಿನ್ನೆಲೆ

ಇಂಥ ಪರವಾನಗಿಗಳ ಚರಿತ್ರೆ ಚಿಕ್ಕದು. 2010ರಲ್ಲಿ ಚಿಲಿ ದೇಶವು ‘ಸ್ಟಾರ್ಟ್‌ಅಪ್ ಚಿಲಿ’ ಯೋಜನೆಯಡಿ ಹೊರದೇಶದ ಯುವ ಉದ್ಯಮಿಗಳಿಗೆ ಒಂದು ವರ್ಷದ ವೀಸಾ ಮತ್ತು ಸುಮಾರು 40,000 ಡಾಲರ್ ನೆರವು ಕೊಡತೊಡಗಿತು. ಆ ಹಣಕ್ಕೆ ಪ್ರತಿಯಾಗಿ ಸರ್ಕಾರ ಷೇರು ಕೇಳಲಿಲ್ಲ. ಅದೇ ವರ್ಷ ಅಮೆರಿಕದ ಸೆನೆಟ್‌ನಲ್ಲಿ ಜಾನ್ ಕೆರ್ರಿ ಮತ್ತು ರಿಚರ್ಡ್ ಲೂಗರ್ ಸ್ಟಾರ್ಟ್‌ಅಪ್ ವೀಸಾ ಮಸೂದೆ ಮಂಡಿಸಿದರು, ಅದು ಕಾನೂನಾಗಲಿಲ್ಲ. ಅಮೆರಿಕ ತಡವರಿಸುತ್ತಿದ್ದಾಗ ಕೆನಡಾ ಮುನ್ನುಗ್ಗಿತು. 2013ರ ಏಪ್ರಿಲ್‌ನಲ್ಲಿ ತನ್ನ ಯೋಜನೆ ಆರಂಭಿಸಿದ ಕೆನಡಾ ಸರ್ಕಾರ, ಅಮೆರಿಕದ ಎಚ್‌-1ಬಿ ಉದ್ಯೋಗ ವೀಸಾಕ್ಕಾಗಿ ಪರದಾಡುತ್ತಿದ್ದವರನ್ನು ಸೆಳೆಯಲು ಸಿಲಿಕಾನ್ ವ್ಯಾಲಿಯ ಹೆದ್ದಾರಿಯ ಬದಿಯಲ್ಲೇ ಜಾಹೀರಾತು ಫಲಕ ನಿಲ್ಲಿಸಿತು.

ನೆದರ್ಲೆಂಡ್ಸ್‌ನಲ್ಲಿ 2015ಕ್ಕೂ ಮೊದಲು ಸ್ವಂತ ಉದ್ಯೋಗ ಮಾಡುವವರಿಗೆ ಅಂಕಪದ್ಧತಿಯ ದಾರಿಯೊಂದಿತ್ತು, ಈಗಲೂ ಇದೆ. ಉದ್ಯಮಿಯ ಅನುಭವ, ವ್ಯವಹಾರ ಯೋಜನೆ, ದೇಶದ ಆರ್ಥಿಕತೆಗೆ ಆಗುವ ಲಾಭ ಎಂಬ ಮೂರು ಭಾಗಗಳಿಗೆ ಸೇರಿ ಒಟ್ಟು 300 ಅಂಕ. ಗಿರಾಕಿಗಳಿರುವ, ಲೆಕ್ಕಪತ್ರ ತೋರಿಸಬಲ್ಲ ವ್ಯವಹಾರಕ್ಕೆ ಇದು ಹೊಂದುತ್ತದೆ. ಇನ್ನೂ ಮಾದರಿಯ ಹಂತದಲ್ಲಿರುವ, ಒಂದು ಯೂರೊ ವರಮಾನವೂ ಇಲ್ಲದ ಕಂಪನಿ ಈ ತಕ್ಕಡಿಯಲ್ಲಿ ತೂಗುವಂತಿರಲಿಲ್ಲ. 2015ರ ಪರವಾನಗಿ ಹುಟ್ಟಿದ್ದು ಈ ಕೊರತೆಯನ್ನು ತುಂಬಲು. ಐರೋಪ್ಯ ಆಯೋಗದ ಮಾಜಿ ಸದಸ್ಯೆ ನೀಲಿ ಕ್ರೂಸ್ ‘ಸ್ಟಾರ್ಟ್‌ಅಪ್‌ಡೆಲ್ಟಾ’ ಎಂಬ ಕಾರ್ಯಕ್ರಮದ ವಿಶೇಷ ಪ್ರತಿನಿಧಿಯಾಗಿ ದೇಶದ ನವೋದ್ಯಮ ಕೇಂದ್ರಗಳನ್ನು ಬೆಸೆಯುವ ಕೆಲಸಕ್ಕೆ ಇಳಿದದ್ದೂ ಅದೇ ವರ್ಷ.

ಫೆಸಿಲಿಟೇಟರ್

ಈ ವ್ಯವಸ್ಥೆಯ ಜೀವ ಇರುವುದು ಫೆಸಿಲಿಟೇಟರ್ ಎಂಬ ಮಾರ್ಗದರ್ಶಕನಲ್ಲಿ. ನವೋದ್ಯಮಿಗಳಿಗೆ ಪರವಾನಗಿ ಕೊಡುವ ಪ್ರತಿ ದೇಶಕ್ಕೂ ಎದುರಾಗುವ ಪ್ರಶ್ನೆ ಒಂದೇ: ಇನ್ನೂ ಹುಟ್ಟದ ಕಂಪನಿ ಬದುಕುತ್ತದೆಂದು ಸಾಕ್ಷಿ ಹೇಳುವವರು ಯಾರು? ವಲಸೆ ಅಧಿಕಾರಿಗೆ ಅದನ್ನು ತಿಳಿಯುವ ವಿದ್ಯೆ ಇರುವುದಿಲ್ಲ. ಎಸ್ಟೋನಿಯಾ 2017ರಲ್ಲಿ ಈ ಕೆಲಸವನ್ನು ಕ್ಷೇತ್ರದ ಅನುಭವಿಗಳ ಸಮಿತಿಗೆ ವಹಿಸಿತು. ಕೆನಡಾ ಅದನ್ನು ಖಾಸಗಿ ಹೂಡಿಕೆದಾರರಿಗೆ ಬಿಟ್ಟಿತು: ವೆಂಚರ್ ಕ್ಯಾಪಿಟಲ್ ನಿಧಿಯಾದರೆ ಕನಿಷ್ಠ 2,00,000 ಕೆನಡಿಯನ್ ಡಾಲರ್, ಏಂಜೆಲ್ ಹೂಡಿಕೆದಾರರ ಗುಂಪಾದರೆ 75,000 ಹೂಡಬೇಕಿತ್ತು. ನವೋದ್ಯಮಗಳನ್ನು ಪೋಷಿಸುವ ಇನ್‌ಕ್ಯುಬೇಟರ್‌ಗಳು ಮಾತ್ರ ಹಣ ಹೂಡಲೇಬೇಕೆಂದಿರಲಿಲ್ಲ, ಅವುಗಳ ಒಪ್ಪಿಗೆಪತ್ರ ಸಾಕಿತ್ತು. ಕೈಯಿಂದ ಏನನ್ನೂ ಕಳೆದುಕೊಳ್ಳದವರು ಕೊಡುವ ಒಪ್ಪಿಗೆ ಸಡಿಲವಾಗುವ ಅಪಾಯ ಅಲ್ಲೇ ಇತ್ತು. ಅರ್ಜಿಗಳು ರಾಶಿ ಬಿದ್ದು ಕಾಯುವ ಕಾಲ ವರ್ಷಗಳಿಗೆ ಬೆಳೆದ ಮೇಲೆ, 2024ರ ಏಪ್ರಿಲ್ 30ರಿಂದ ಒಂದು ಸಂಸ್ಥೆ ವರ್ಷಕ್ಕೆ ಬೆಂಬಲಿಸಬಹುದಾದ ಕಂಪನಿಗಳ ಸಂಖ್ಯೆಯನ್ನು ಕೆನಡಾ ಹತ್ತಕ್ಕೆ ಮಿತಿಗೊಳಿಸಿತು.

ಡಚ್ಚರ ಉತ್ತರ ಬೇರೆ. ಅವರು ಹಣಕ್ಕಿಂತ ಹೆಚ್ಚಾಗಿ ಒಡನಾಟವನ್ನು ನಂಬಿದರು. ಅರ್ಜಿದಾರ ನೆದರ್ಲೆಂಡ್ಸ್‌ನಲ್ಲೇ ನೆಲೆಸಿರುವ ಅನುಭವಿ ಮಾರ್ಗದರ್ಶಕನೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಆ ಮಾರ್ಗದರ್ಶಕನ ಅರ್ಹತೆಯನ್ನು ಆರ್‌ವಿಒ ಮೊದಲೇ ಪರಿಶೀಲಿಸಿರುತ್ತದೆ. ನವೋದ್ಯಮಗಳಿಗೆ ದಾರಿ ತೋರಿಸಿದ ಕನಿಷ್ಠ ಎರಡು ವರ್ಷದ ಅನುಭವ ಇರಬೇಕು, ಹಣಕಾಸಿನ ಸ್ಥಿತಿ ಗಟ್ಟಿಯಿರಬೇಕು. ಅರ್ಜಿದಾರನ ತಂದೆತಾಯಿ, ಮಕ್ಕಳಂಥ ಹತ್ತಿರದ ರಕ್ತಸಂಬಂಧಿ ಈ ಸ್ಥಾನದಲ್ಲಿ ಇರುವಂತಿಲ್ಲ. ಕಂಪನಿಯ ಬಹುಪಾಲು ಷೇರು ಮಾರ್ಗದರ್ಶಕನ ಕೈಯಲ್ಲಿರಕೂಡದೆಂಬುದು ಇನ್ನೊಂದು ಷರತ್ತು. ಕೊನೆಯದು ಬಹಳ ಮುಖ್ಯ. ಪರವಾನಗಿಯ ಆಸೆಗೆ ಬಿದ್ದ ಉದ್ಯಮಿ ತನ್ನ ಕಂಪನಿಯನ್ನೇ ಒತ್ತೆಯಿಡದಂತೆ ಅದು ಕಾಯುತ್ತದೆ. ಆದರೂ ಮಾರ್ಗದರ್ಶಕನು ಶುಲ್ಕ ಅಥವಾ ಸಣ್ಣ ಪಾಲು ಪಡೆಯುವುದನ್ನು ನಿಯಮ ತಡೆಯುವುದಿಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ಅರ್ಜಿದಾರನು ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಈ ಒಪ್ಪಂದಕ್ಕೆ. ನಡುವೆ ಸಂಬಂಧ ಮುರಿದರೆ ಪರವಾನಗಿಯ ಆಧಾರವೇ ಅಲುಗುತ್ತದೆ.



ಉಳಿದ ಷರತ್ತುಗಳು

ಉತ್ಪನ್ನ ಅಥವಾ ಸೇವೆ ನೆದರ್ಲೆಂಡ್ಸ್‌ಗೆ ಹೊಸದಾಗಿರಬೇಕು. ಇಲ್ಲವೇ ತಯಾರಿಕೆ, ವಿತರಣೆ, ಮಾರಾಟದಲ್ಲಿ ಹೊಸ ತಂತ್ರಜ್ಞಾನ ಇರಬೇಕು, ಅಥವಾ ಸಂಸ್ಥೆಯನ್ನು ನಡೆಸುವ ಕ್ರಮವೇ ಹೊಸದಾಗಿರಬೇಕು. ಹೀಗಾಗಿ ಆಮ್‌ಸ್ಟರ್‌ಡಾಮ್‌ನಲ್ಲಿ ದೋಸೆ ಹೋಟೆಲ್ ತೆರೆಯಲು ಬಯಸುವವರಿಗೆ ಈ ದಾರಿ ಸಾಮಾನ್ಯವಾಗಿ ಒದಗದು. ಕಲ್ಪನೆ ಕಂಪನಿಯಾಗುವ ಬಗೆಯನ್ನು ಹಂತ ಹಂತವಾಗಿ ವಿವರಿಸುವ ಯೋಜನೆ, ವಾಣಿಜ್ಯ ಮಂಡಳಿಯಲ್ಲಿ ನೋಂದಣಿ, ಒಂದು ವರ್ಷದ ಜೀವನೋಪಾಯಕ್ಕೆ ಸಾಲುವ ಹಣದ ಪುರಾವೆ ಬೇಕು. ಬರೀ ಷೇರುದಾರನಾಗಿ ಕುಳಿತರೆ ಸಾಲದು. ಅರ್ಜಿದಾರ ಸ್ವತಃ ದುಡಿಯಬೇಕು.

ಒಂದು ವರ್ಷದ ನಂತರ

ಪರವಾನಗಿಯನ್ನು ಇದೇ ರೂಪದಲ್ಲಿ ನವೀಕರಿಸಲಾಗದು. ಮುಂದೆ ಉಳಿಯಲು ಬಯಸುವವರು ಸ್ವಂತ ಉದ್ಯೋಗದ ಪರವಾನಗಿಗೆ ಬದಲಾಗಬೇಕು. ಆಗ 300 ಅಂಕಗಳ ಪರೀಕ್ಷೆಯ ಬದಲು ಫೆಸಿಲಿಟೇಟರ್‌ನ ಹೇಳಿಕೆಗೆ ತೂಕ ಬರುತ್ತದೆ. ಯಂತ್ರಾಂಶ ಅಥವಾ ವೈದ್ಯಕೀಯ ಉಪಕರಣ ತಯಾರಿಸುವವರಿಗೆ ಹನ್ನೆರಡು ತಿಂಗಳು ನಿಜಕ್ಕೂ ಕಡಿಮೆ. ಪರೀಕ್ಷೆ, ಪ್ರಮಾಣೀಕರಣಗಳಲ್ಲೇ ಅಷ್ಟು ಕಾಲ ಕಳೆದುಹೋಗಬಹುದು. 2018ರಲ್ಲಿ ಬಂದ ಫಿನ್‌ಲೆಂಡ್‌ನ ಪರವಾನಗಿ ಎರಡು ವರ್ಷದವರೆಗೆ ಅವಕಾಶ ಕೊಡುತ್ತದೆ. ಈ ವಿಷಯದಲ್ಲಿ ಅದು ಹೆಚ್ಚು ಉದಾರ.

ಭಾರತದಿಂದ ಹೋಗುವವರು

ಬೆಂಗಳೂರಿನಂಥ ಊರಿನಿಂದ ಹೊರಡುವ ಉದ್ಯಮಿಗೆ ಪರವಾನಗಿಯ ಜೊತೆಗೆ ಎಂವಿವಿ ಎಂಬ ಪ್ರವೇಶ ವೀಸಾ ಬೇಕು. ಡಚ್ ಪುರಸಭೆಯಲ್ಲಿ ನೋಂದಾಯಿಸಲು ಜನನ ಪ್ರಮಾಣಪತ್ರಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟೈಲ್ ಎಂಬ ದೃಢೀಕರಣ ಮೊಹರು ಹಾಕಿಸಿಕೊಂಡು ಹೋಗಬೇಕು. ಹಣದ ನಿಯಮಗಳೂ ಇವೆ: ಭಾರತದ ನಿವಾಸಿಯೊಬ್ಬ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ವಿದೇಶದ ಕಂಪನಿಯಲ್ಲಿ ಷೇರು ಪಡೆಯುವುದಕ್ಕೆ 2022ರ ಆಗಸ್ಟ್‌ನ ಸಾಗರೋತ್ತರ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ಡಚ್ ಕಂಪನಿ ನೋಂದಾಯಿಸಿದ ಮೇಲೆ ಲೆಕ್ಕಪರಿಶೋಧಕರ ಬಳಿ ಓಡುವ ಬದಲು ಹೊರಡುವ ಮೊದಲೇ ಅವರನ್ನು ಕಾಣುವುದು ಕ್ಷೇಮ.