ಅಜ್ಜಿಯ ಹೆಸರಿನ ಬ್ರೆಡ್ಡು

ದೆಹಲಿಯ ಚಳಿಗಾಲದಲ್ಲಿ ಯೀಸ್ಟ್ ಬೆರೆಸಿ ನಾದಿಟ್ಟ ಹಿಟ್ಟು ಉಬ್ಬುವುದು ಬಹಳ ನಿಧಾನ. ಬೆಂಗಳೂರಿನಲ್ಲಿ ಒಂದೆರಡು ಗಂಟೆಗಳಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಜನವರಿಯಲ್ಲಿ ಇಡೀ ಮಧ್ಯಾಹ್ನ ಬೇಕಾಗುತ್ತದೆ. ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಚಳಿಗಾಲದ ಒಂದು ಭಾನುವಾರ ‘ಬಾಬ್ಕಾ’ ಎಂಬ ಸಿಹಿ ಬ್ರೆಡ್ಡನ್ನು ಮಾಡುವ ರೂಢಿಯಿದೆ. ಹಿಟ್ಟು ಉಬ್ಬುವುದನ್ನು ಕಾಯುತ್ತ ಕುಳಿತ ಹೊತ್ತಿನಲ್ಲಿ ಅದರ ಚರಿತ್ರೆಯನ್ನು ಓದತೊಡಗಿದೆ. ಓದಿದಷ್ಟೂ ಅದು ತಿನಿಸಿನ ಕಥೆಯಾಗಿ ಮಾತ್ರ ಉಳಿಯಲಿಲ್ಲ.

ಮಾಡುವ ಕ್ರಮ ಹೀಗೆ: ಮೈದಾ, ಮೊಟ್ಟೆ, ಸಕ್ಕರೆ, ಬೆಣ್ಣೆ ಸೇರಿಸಿ ನಾದಿದ ಹಿಟ್ಟು ಉಬ್ಬಿದ ಮೇಲೆ ಅದನ್ನು ತೆಳುವಾಗಿ ಲಟ್ಟಿಸಬೇಕು. ಮೇಲೆ ಚಾಕಲೇಟನ್ನೋ, ಚಕ್ಕೆಪುಡಿ ಬೆರೆಸಿದ ಸಕ್ಕರೆಯನ್ನೋ ಹರಡಿ ಚಾಪೆಯಂತೆ ಸುತ್ತಬೇಕು. ಆ ಸುರುಳಿಯನ್ನು ಉದ್ದಕ್ಕೆ ಸೀಳಿ, ಎರಡು ಎಳೆಗಳನ್ನು ಹಗ್ಗದಂತೆ ಹೊಸೆದು, ಅಚ್ಚಿನಲ್ಲಿ ಮತ್ತೊಮ್ಮೆ ಉಬ್ಬಲು ಬಿಟ್ಟು, ಓವನ್ನಿನಲ್ಲಿ ಬೇಯಿಸಬೇಕು. ಸಕ್ಕರೆಯೂ ಬೆಣ್ಣೆಯೂ ಹೆಚ್ಚಿರುವ ಹಿಟ್ಟಿನಲ್ಲಿ ಯೀಸ್ಟ್ ತಡವಾಗಿ ಕೆಲಸ ಮಾಡುತ್ತದೆ. ಅವಸರ ಪಟ್ಟರೆ ಬ್ರೆಡ್ಡು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನಮ್ಮ ಹೋಳಿಗೆಯ ಮಾತಿನಲ್ಲಿ ಹೇಳುವುದಾದರೆ ಇಲ್ಲಿಯೂ ಕಣಕವಿದೆ, ಹೂರಣವಿದೆ. ಆದರೆ ಹೋಳಿಗೆ ಹೂರಣವನ್ನು ಮುಚ್ಚಿಡುತ್ತದೆ, ಬಾಬ್ಕಾ ಅದನ್ನು ಸೀಳಿ ತೋರಿಸುತ್ತದೆ.

‘ಬಾಬಾ’ ಎಂದರೆ ಪೂರ್ವ ಯುರೋಪಿನ ಸ್ಲಾವ್ ಭಾಷೆಗಳಲ್ಲಿ ಅಜ್ಜಿ ಅಥವಾ ಮುದುಕಿ. ‘ಬಾಬ್ಕಾ’ ಅದರ ಅಕ್ಕರೆಯ ರೂಪ. ಪೋಲೆಂಡಿನ ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮಾಡುವ ಎತ್ತರದ ಬಾಬ್ಕಾ, ನೆರಿಗೆಯ ಲಂಗ ತೊಟ್ಟ ಅಜ್ಜಿಯಂತೆ ಕಾಣುತ್ತದೆಂದು ಆ ಹೆಸರು ಬಂತೆಂದು ಹೇಳುವುದುಂಟು. ಹೊಸೆದ, ಹೂರಣವಿರುವ ಬಾಬ್ಕಾ ಮಾತ್ರ ಅದೇ ನಾಡಿನ ಯಹೂದಿಗಳ ಮನೆಗಳಿಂದ ಬಂದದ್ದು. ಶುಕ್ರವಾರ ಸಂಜೆ ಆರಂಭವಾಗುವ ಸಬ್ಬತ್ತಿಗಾಗಿ ಅವರು ‘ಹಲ್ಲಾ’ ಎಂಬ ಜಡೆ ಬ್ರೆಡ್ಡನ್ನು ಮಾಡುತ್ತಾರೆ. ಉಳಿದ ಹಿಟ್ಟಿಗೆ ಮನೆಯಲ್ಲಿದ್ದ ಜಾಮನ್ನೋ ಚಕ್ಕೆಪುಡಿಯನ್ನೋ ಸವರಿ ಸುತ್ತಿ ಬೇಯಿಸಿದ್ದೇ ಬಾಬ್ಕಾ ಆಯಿತೆಂದು ಆಹಾರದ ಚರಿತ್ರೆಕಾರರು ಹೇಳುತ್ತಾರೆ. ಮಾಂಸದೊಡನೆ ಹಾಲಿನ ಪದಾರ್ಥ ಕೂಡದೆಂಬ ಧರ್ಮನಿಯಮ ಅವರಲ್ಲಿರುವುದರಿಂದ ಹಲ್ಲಾದಲ್ಲಿ ಬೆಣ್ಣೆಯ ಬದಲು ಎಣ್ಣೆ ಇರುತ್ತದೆ. ಇಂದು ಅಂಗಡಿಗಳಲ್ಲಿ ಬೆಣ್ಣೆ ಜಿನುಗುವ ಬಾಬ್ಕಾದ ಮೂಲ, ಹಿಟ್ಟನ್ನು ಪೋಲು ಮಾಡಬಾರದೆಂಬ ಗೃಹಿಣಿಯರ ಮಿತವ್ಯಯದಲ್ಲಿದೆ.

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾಯಿತು. ಅದರ ಬೆನ್ನಲ್ಲೇ ಯಹೂದಿಗಳ ಮೇಲೆ ಗುಂಪುಹಲ್ಲೆಗಳು ಹಬ್ಬಿದವು. ಆ ಹಿಂಸೆಯೂ ಬಡತನವೂ ಸೇರಿ, 1924ರಲ್ಲಿ ಅಮೆರಿಕ ವಲಸೆಗೆ ಕಟ್ಟುನಿಟ್ಟಿನ ಮಿತಿ ಹಾಕುವವರೆಗೆ, 20 ಲಕ್ಷಕ್ಕೂ ಹೆಚ್ಚು ಯಹೂದಿಗಳು ಪೂರ್ವ ಯುರೋಪನ್ನು ಬಿಟ್ಟು ಅಲ್ಲಿಗೆ ಹೋದರು. ಬಹಳಷ್ಟು ಜನ ನೆಲೆಸಿದ್ದು ನ್ಯೂಯಾರ್ಕಿನಲ್ಲಿ. ಅವರೊಡನೆ ಬಾಬ್ಕಾವೂ ಹೋಯಿತು. ಅಲ್ಲಿ ಯೀಸ್ಟ್ ಆಗಲೇ ಅಂಗಡಿಯಲ್ಲಿ ಕೊಳ್ಳುವ ಸರಕಾಗಿತ್ತು. ಅದಕ್ಕೆ ಮುಖ್ಯ ಕಾರಣ ಆಸ್ಟ್ರಿಯಾದ ಸಾಮ್ರಾಜ್ಯದಿಂದ ಹೋದ ಯಹೂದಿ ವಲಸಿಗ ಚಾರ್ಲ್ಸ್ ಫ್ಲೈಷ್‌ಮನ್; ಆತ 1868ರಲ್ಲಿ ಸಿನ್ಸಿನಾಟಿಯಲ್ಲಿ ಅಚ್ಚುಕಟ್ಟಿದ ಯೀಸ್ಟಿನ ಉದ್ಯಮವನ್ನು ಆರಂಭಿಸಿದ್ದ. ನಾವು ಇಂದು ಬಳಸುವಂಥ ಒಣ ಯೀಸ್ಟನ್ನು ಅದೇ ಸಂಸ್ಥೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪಿಸಿತು.

ಚಾಕಲೇಟು ಹೂರಣವಾಗಿ ಸೇರಿದ್ದು ಅಮೆರಿಕದಲ್ಲಿಯೇ, ಅದೂ ಇಪ್ಪತ್ತನೆಯ ಶತಮಾನದಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಹಳೆಯ ಊರಿನ ಬಡ ಮನೆಗಳಿಗೆ ಅದು ನಿಲುಕುವ ವಸ್ತುವಾಗಿರಲಿಲ್ಲ. ಆದರೆ 1994ರಲ್ಲಿ ಪ್ರಸಾರವಾದ ‘ಸೈನ್‌ಫೆಲ್ಡ್’ ಹಾಸ್ಯ ಧಾರಾವಾಹಿಯ ಒಂದು ಕಂತಿನ ಹೊತ್ತಿಗೆ ಸ್ಥಾನಗಳು ತಿರುವುಮುರುವಾಗಿದ್ದವು. ಬೇಕರಿಯ ಕೊನೆಯ ಚಾಕಲೇಟ್ ಬಾಬ್ಕಾ ಬೇರೆಯವರ ಪಾಲಾದಾಗ, ಚಕ್ಕೆಯ ಬಾಬ್ಕಾ ಎರಡನೆಯ ದರ್ಜೆಯದೆಂದು ಅದರ ಪಾತ್ರಗಳು ಕೊರಗುತ್ತವೆ. ಹಳೆಯದು ಕೀಳಾಗಿ, ಹೊಸದೇ ಸಂಪ್ರದಾಯವೆನಿಸಿಕೊಳ್ಳಲು ಎರಡು ಮೂರು ತಲೆಮಾರು ಸಾಕಾದವು. ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ಬದಲಾಗಿದ್ದರಿಂದಲೇ ಬಾಬ್ಕಾ ಉಳಿಯಿತು. ಇಸ್ರೇಲಿನಲ್ಲಿ ಇಂಥದೇ ಬ್ರೆಡ್ಡಿಗೆ ‘ಕ್ರಾಂಟ್ಸ್’ ಎಂಬ ಹೆಸರು. ಅದು ಹೂಮಾಲೆ ಎಂಬರ್ಥದ ಜರ್ಮನ್ ಪದ. 2012ರಲ್ಲಿ ಪ್ರಕಟವಾದ ‘ಜೆರುಸಲೇಮ್’ ಎಂಬ ಅಡುಗೆ ಪುಸ್ತಕದಲ್ಲಿ ಅದರ ವಿಧಾನವಿದೆ. ಪುಸ್ತಕವನ್ನು ಜೊತೆಯಾಗಿ ಬರೆದವರು ಅದೇ ನಗರದಲ್ಲಿ ಹುಟ್ಟಿದ ಯಹೂದಿ ಯೋತಮ್ ಒಟ್ಟೊಲೆಂಗಿ ಮತ್ತು ಪ್ಯಾಲೆಸ್ತೀನಿನ ಸಾಮಿ ತಮಿಮಿ. ಬಿಸಿ ಬ್ರೆಡ್ಡಿನ ಮೇಲೆ ಸಕ್ಕರೆ ಪಾಕ ಸವರುವುದನ್ನು ನಾನು ಕಲಿತದ್ದು ಆ ವಿಧಾನದಿಂದಲೇ.

ಆದರೆ ಉಳಿಯದೆ ಹೋದದ್ದೂ ಒಂದಿದೆ. ಬಾಬ್ಕಾ ಮಾಡುತ್ತಿದ್ದ ಆ ಮನೆಗಳ ಮಾತು ಯಿದ್ದಿಶ್. ಅದರಲ್ಲಿ ಅಜ್ಜಿಗೆ ‘ಬೊಬೆ’ ಎನ್ನುತ್ತಾರೆ. ಅದೂ ಸ್ಲಾವ್ ಮೂಲದ ಪದವೇ. ಆದ್ದರಿಂದ ಬಾಬ್ಕಾ ಎಂದಾಗ ಆ ಮನೆಯ ಮಕ್ಕಳ ಕಿವಿಯಲ್ಲಿ ಅಜ್ಜಿಯ ಹೆಸರೂ ಸುಳಿಯುತ್ತಿದ್ದಿರಬೇಕು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಯಿದ್ದಿಶ್ ಆಡುವವರು ಒಂದು ಕೋಟಿಗೂ ಹೆಚ್ಚು. 1939ರಲ್ಲಿ ಪೋಲೆಂಡಿನಲ್ಲಿದ್ದ ಸುಮಾರು 33 ಲಕ್ಷ ಯಹೂದಿಗಳಲ್ಲಿ ಸುಮಾರು 30 ಲಕ್ಷ ಜನರನ್ನು ನಾಜಿಗಳ ನರಮೇಧ ಬಲಿ ತೆಗೆದುಕೊಂಡಿತು. ಒಟ್ಟು ಹತರಾದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನ ಯಿದ್ದಿಶ್ ಭಾಷಿಕರು. ವಾರ್ಸಾದಿಂದ 1935ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದ ಐಸಾಕ್ ಬಾಷೆವಿಸ್ ಸಿಂಗರ್ ಕೊನೆಯವರೆಗೂ ಆ ಭಾಷೆಯಲ್ಲಿಯೇ ಬರೆದರು, 1978ರಲ್ಲಿ ನೊಬೆಲ್ ಪ್ರಶಸ್ತಿಯನ್ನೂ ಪಡೆದರು. ಸಂಪ್ರದಾಯನಿಷ್ಠರ ಕೆಲವು ಸಮುದಾಯಗಳಲ್ಲಿ ಯಿದ್ದಿಶ್ ಇಂದಿಗೂ ಮನೆಮಾತು. ಉಳಿದ ವಲಸಿಗರ ಮೊಮ್ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಗ್ಲಿಷೇ ಮನೆಮಾತಾಯಿತು. ಅಮೆರಿಕದಲ್ಲಿ ಯಾರ ಬಲವಂತವೂ ಇರಲಿಲ್ಲ. ಶಾಲೆ, ಉದ್ಯೋಗ, ನೆರೆಹೊರೆ ಎಂದು ಮಾತು ಮೆಲ್ಲಗೆ ಜಾರಿತು. ಬ್ರೆಡ್ಡು ಉಳಿಯಿತು, ಅದರ ಹೆಸರೂ ಉಳಿಯಿತು, ಆ ಹೆಸರಿನ ಅರ್ಥ ಮಾತ್ರ ಬಹಳ ಜನರಿಗೆ ಮರೆತುಹೋಯಿತು.

ಹೊರನಾಡಿನಲ್ಲಿರುವ ನಮಗೆ ಈ ಕೊನೆಯ ಮಾತು ತಾಗದೆ ಇರಲಾರದು. ನಮ್ಮ ಚರಿತ್ರೆಯಲ್ಲಿ ಅಂಥ ಘೋರವಿಲ್ಲ, ಹೋಲಿಸುವುದೂ ಸಲ್ಲದು. ನಾವು ನೌಕರಿಗಾಗಿ ಬಂದವರು. ರೈಲು ಹತ್ತಿದರೆ ಊರು ಸಿಗುತ್ತದೆ. ಆದರೂ ಮೆಲ್ಲಗೆ ಜಾರುವ ಬಗೆ ಒಂದೇ. ಯುಗಾದಿಗೆ ಹೋಳಿಗೆ ಮಾಡುತ್ತೇವೆ, ಸಂಘದ ಸಮಾರಂಭದಲ್ಲಿ ಬಿಸಿಬೇಳೆಬಾತು ಬಡಿಸುತ್ತೇವೆ, ಅಷ್ಟಕ್ಕೇ ಕನ್ನಡ ಉಳಿಯಿತೆಂದು ಸಮಾಧಾನ ಪಡುತ್ತೇವೆ. ರುಚಿಯನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಸುಲಭ. ನಾಲಿಗೆಗೆ ಅದು ತಾನಾಗಿ ಹತ್ತುತ್ತದೆ. ಮಾತನ್ನು ದಾಟಿಸಲು ಯಾರಾದರೂ ದಿನವೂ ಕುಳಿತು ಆಡಬೇಕು. ಕಚೇರಿಯಿಂದ ದಣಿದು ಬಂದ ಸಂಜೆಗಳಲ್ಲಿ ನಾನು ಆಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ಸಲ ಹಿಟ್ಟು ಲಟ್ಟಿಸುವಾಗ ಮಗಳು ಜೊತೆಗಿದ್ದಳು. ಬಾಬ್ಕಾ ಎಂದರೆ ಅಜ್ಜಿ ಎಂದು ಹೇಳಿದ್ದು ಅವಳಿಗೆ ಹಿಡಿಸಿತು. ಚಕ್ಕೆ-ಸಕ್ಕರೆಯ ಬಟ್ಟಲನ್ನು ತೋರಿಸಿ, “ಅಪ್ಪಾ, ಈ ಸ್ಟಫಿಂಗ್‌ಗೆ ನಮ್ಮ ಅಜ್ಜಿ ಏನಂತಾರೆ?” ಎಂದಳು. “ಹೂರಣ” ಎಂದೆ. “ಹೂರನ” ಎಂದಳು. “ನ ಅಲ್ಲ, ಣ” ಎಂದೆ. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ಆಮೇಲೆ ಸುರುಳಿಯನ್ನು ಸೀಳಿ, ಇಬ್ಬರೂ ಒಂದೊಂದು ತುದಿ ಹಿಡಿದು ಹೊಸೆದೆವು.