ಬಾನುಲಿಯಿಂದ ಬೀಗದ ಪೆಟ್ಟಿಗೆಯವರೆಗೆ

ಧಾರವಾಡ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾಯಿತು. ಅಲ್ಲಿಂದ ಹೊರಟ ಮಾತನ್ನು ಯಾರು ಕೇಳಬೇಕು, ಯಾರು ಕೇಳಬಾರದು ಎಂದು ತಡೆಯುವ ಉಪಾಯವೇ ಇರಲಿಲ್ಲ. ಆದುದರಿಂದ ಸರಕಾರ ಕಾರ್ಯಕ್ರಮಕ್ಕಲ್ಲ, ಕೇಳುವ ಪೆಟ್ಟಿಗೆಗೆ ಪರವಾನಿಗೆ ವಿಧಿಸಿತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ರೇಡಿಯೋಕ್ಕೆ 15 ರೂಪಾಯಿ, ಟೀವಿಗೆ 50 ರೂಪಾಯಿ ತುಂಬಿದ್ದು ನಮ್ಮ ಹಿರಿಯರಿಗೆ ನೆನಪಿದ್ದೀತು. ತುಂಬದವರ ರೇಡಿಯೋವೂ ಅಷ್ಟೇ ಚೆನ್ನಾಗಿ ಹಾಡುತ್ತಿತ್ತೆನ್ನಿ! 1980ರ ದಶಕದ ನಡುವೆ ಆ ಪದ್ಧತಿ ಹೋಯಿತು.

1994ರಲ್ಲಿ ಉದಯ ಟೀವಿ ಬಂದಿತು. ಸ್ವಾರಗೇಟದ ಸುತ್ತಿನ ಓಣಿಗಳಲ್ಲಿದ್ದ ನಮಗೆ ಅದು ಸಿಗುವುದು ಕೇಬಲಿನವನ ಮರ್ಜಿಗೆ ಬಿಟ್ಟದ್ದು. ಅವನ ತಂತಿಯಲ್ಲಿ ಎಲ್ಲರಿಗೂ ಒಂದೇ ಊಟ. ನಮ್ಮ ಮನೆಗೆ ಮಾತ್ರ ಕನ್ನಡ ಬಡಿಸುವಂತಿರಲಿಲ್ಲ, ಜಾಗವೂ ಮಿತವಾಗಿತ್ತು. “ಕನ್ನಡದವರ ಮನೆ ಎಷ್ಟು?” ಎಂಬುದೇ ಅವನ ಪ್ರಶ್ನೆ. ಸ್ಟ್ಯಾಂಡಿನಲ್ಲಿ ವಿಜಾಪುರದ ಬಸ್ಸಿಗೆ ಕೂಡುವ ಮಂದಿಯನ್ನು ನೋಡಿ ಹೇಳಿರಿ ಎಂದು ನಾವು ವಾದಿಸುತ್ತಿದ್ದೆವು.

2011ರ ಕಾಯಿದೆ ತಿದ್ದುಪಡಿಯಿಂದ ಈ ಸ್ಥಿತಿ ಬದಲಾಯಿತು. ಪುಣೆ, ಬೆಂಗಳೂರು, ಮೈಸೂರು ಸೇರಿ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು ಬಿದ್ದು, ಟೀವಿಯ ಪಕ್ಕದಲ್ಲಿ ಹೊಸ ಪೆಟ್ಟಿಗೆ ಕುಳಿತಿತು. ಚಿತ್ರ ಈಗಲೂ ಎಲ್ಲರ ಮನೆಯ ತಂತಿಯಲ್ಲಿ ಹರಿಯುತ್ತದೆ. ಆದರೆ ಕಲಸಿ ಕಳಿಸುತ್ತಾರೆ. ಬಿಡಿಸುವ ಸಂಕೇತ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತ, ತಾನೂ ಬೀಗ ಹಾಕಿಸಿಕೊಂಡೇ ಬರುತ್ತದೆ. ಆ ಬೀಗದ ಕೈ ಮಾತ್ರ ಚಂದಾ ಕಟ್ಟಿದವರ ಪೆಟ್ಟಿಗೆಯ ನಂಬರಿಗೆ ಬರೆದ ಸಂದೇಶವಾಗಿ ತಲುಪುತ್ತದೆ.

ಕಂಪ್ಯೂಟರ್ ಜಾಲದವರಿಗೂ ಇದೇ ತೊಡಕು ಎದುರಾಗಿತ್ತು. ಒಂದೇ ಪ್ರತಿ ಕಳಿಸಿ ಅನೇಕರಿಗೆ ಮುಟ್ಟಿಸುವ ನಿಯಮಗಳನ್ನು ಸ್ಟೀವ್ ಡೀರಿಂಗ್ 1989ರಲ್ಲಿ ಪ್ರಕಟಿಸಿದರು. ಆ ಗುಂಪಿಗೆ ಯಾರು ಬೇಕಾದರೂ ಸೇರಬಹುದು, ನೀನಾರೆಂದು ಕೇಳುವವರಿಲ್ಲ. ಬೀಗ ಹಾಕೋಣವೆಂದರೆ, ಒಬ್ಬ ಚಂದಾ ಬಿಟ್ಟಾಗಲೆಲ್ಲ ಉಳಿದ ಸಾವಿರ ಜನಕ್ಕೂ ಹೊಸ ಕೈ ಹಂಚಬೇಕು. 1998ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಾಂಗ್, ಗೌಡ, ಲ್ಯಾಮ್ ಎಂಬವರು (ಈ ಗೌಡರು ನಮ್ಮ ಕಡೆಯವರಲ್ಲ!) ಬೀಗದ ಕೈಗಳನ್ನು ಮರದಂತೆ ಕವಲಾಗಿ ಜೋಡಿಸಿದರು. ಪುಣೆಯ ಹಳೆಯ ವಾಡೆಯಲ್ಲಿ ಕೋಣೆಗೊಂದು, ಅಂತಸ್ತಿಗೊಂದು, ಹೆಬ್ಬಾಗಿಲಿಗೊಂದು ಕೈ ಇದ್ದಂತೆ. ಬಿಡಾರ ಬಿಟ್ಟವನ ದಾರಿಯಲ್ಲಿದ್ದ ಬೀಗಗಳನ್ನಷ್ಟೇ ಬದಲಿಸಿದರಾಯಿತು. ಎರಡೆರಡು ಕವಲಿನ ಮರದಲ್ಲಿ 1024 ಮನೆಗಳಿದ್ದರೂ ಇಪ್ಪತ್ತರ ಆಸುಪಾಸಿನ ಸಂದೇಶಗಳು ಸಾಕು. ಬಹಳ ಜಾಣತನದ ಕೆಲಸವೆಂದೇ ನಮ್ಮ ಅಭಿಪ್ರಾಯ.

2019ರ ಫೆಬ್ರವರಿ 1ರಿಂದ ಒಂದೊಂದು ವಾಹಿನಿಯನ್ನೂ ಮನೆಯವರೇ ಆರಿಸುವ ನಿಯಮ ಜಾರಿಗೆ ಬಂದಿತು. ಆಗ 100 ವಾಹಿನಿಗಳವರೆಗೆ ತೆರಿಗೆ ಬಿಟ್ಟು 130 ರೂಪಾಯಿ ಮೂಲ ಶುಲ್ಕ. ಬೆಲೆಯುಳ್ಳ ವಾಹಿನಿಗೆ ಬೇರೆ ದರ. ಓಣಿಯಲ್ಲಿ ನಾವೆಷ್ಟು ಮನೆಯವರೆಂದು ಲೆಕ್ಕ ಕೊಡುವ ಕಾರಣ ಉಳಿಯಲಿಲ್ಲ. ಆದರೆ ಪುಣೆಯವರಿಗೆಂದು ಕಟ್ಟಿದ ಗೊಂಚಲಿನಲ್ಲಿ ಸಹಜವಾಗಿಯೇ ಮರಾಠಿ, ಹಿಂದಿ. ಕನ್ನಡವನ್ನು ನೆನಪಿಟ್ಟು ಬರೆಸಬೇಕಾಯಿತು. ಅತ್ತೆಯವರ ಧಾರಾವಾಹಿಗೆ ಎಷ್ಟು, ಮಕ್ಕಳ ಕ್ರಿಕೆಟ್ಟಿಗೆ ಎಷ್ಟು ಎಂದು ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಕಾಗದ ಪೆನ್ಸಿಲು ಹಿಡಿದು ಕೂಡಿಸಿದ್ದೇ ಕೂಡಿಸಿದ್ದು.