ಆಳಿಗೊಂದು ಕಲ್ಲು: ಕೆರೊಲಿನಾದ ಕೆಂಪು ತೋಳದ ಕಥೆ

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಕಷ್ಟಕ್ಕೆ ಸಿಕ್ಕವನನ್ನು ಎಲ್ಲರೂ ಹಣಿಯುತ್ತಾರೆ ಎಂಬುದು ಅದರ ಭಾವ. ಬಯಲುಸೀಮೆಯ ಕುರಿಹಟ್ಟಿಗಳ ನಡುವೆ ಬೆಳೆದ ನನಗೆ ಅದರ ವಾಚ್ಯಾರ್ಥವೂ ಪರಿಚಿತವೇ. ರಾಲಿ ನಗರದಿಂದ 64ನೆಯ ಹೆದ್ದಾರಿ ಹಿಡಿದು ಔಟರ್ ಬ್ಯಾಂಕ್ಸ್ ಕಡಲತೀರಕ್ಕೆ ಹೋಗುವಾಗ ಅಲಿಗೇಟರ್ ನದಿಯ ಸುತ್ತಲಿನ ಜೌಗು ಪ್ರದೇಶ ಎದುರಾಗುತ್ತದೆ. ಅಲ್ಲಿಗೆ ಹೋದಾಗಲೆಲ್ಲ ಈ ಗಾದೆ ನನ್ನ ನೆನಪಿಗೆ ಬರುತ್ತದೆ. ಕೆಂಪು ತೋಳವು ಕಾಡಿನಲ್ಲಿ ಉಳಿದಿರುವುದು ಜಗತ್ತಿನಲ್ಲಿ ಇದೊಂದೇ ಸೀಮೆಯಲ್ಲಿ.

ಇಲ್ಲಿಯೂ ಮೊದಲು ಬಂದದ್ದು ಕಲ್ಲೇ. ದಕ್ಷಿಣ ಕೆರೊಲಿನಾದಲ್ಲಿ 1695ರ ಒಂದು ಶಾಸನವು ಮೂಲನಿವಾಸಿ ಬೇಟೆಗಾರರು ವರ್ಷಕ್ಕೊಮ್ಮೆ ತೋಳದಂಥ ಹಿಂಸ್ರಪಶುವಿನ ಚರ್ಮವನ್ನು ಒಪ್ಪಿಸಬೇಕೆಂದು ವಿಧಿಸಿತ್ತು. ಬಹುಮಾನ, ಬಲೆ, ವಿಷ, ಕಾಡಿನ ನಾಶ ಇವೆಲ್ಲ ಸೇರಿ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಆಗ್ನೇಯ ರಾಜ್ಯಗಳ ಬಹುಭಾಗದಲ್ಲಿ ಕೆಂಪು ತೋಳ ಇಲ್ಲವಾಯಿತು.

ಕೈಯೊಂದು ರಕ್ಷಣೆಗೆ ಚಾಚಿದ್ದು ವಾಷಿಂಗ್ಟನ್ನಿನಿಂದ. 1967ರಲ್ಲಿ ಕೆಂಪು ತೋಳ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿತು. 1973ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಮಾಡಿದ ಕಾಯಿದೆ ಆ ರಕ್ಷಣೆಗೆ ಬಲ ತುಂಬಿತು. ಟೆಕ್ಸಸ್ ಮತ್ತು ಲೂಸಿಯಾನಾ ಕರಾವಳಿಯಲ್ಲಿ ಉಳಿದಿದ್ದ ತೋಳಗಳನ್ನು ಹಿಡಿದು ತಂದರು. ಅವುಗಳಲ್ಲಿ ಹದಿನಾಲ್ಕು ಮಾತ್ರ ಇಂದಿನ ಸಂತತಿಗೆ ಮೂಲ. 1980ರಲ್ಲಿ ಕಾಡಿನಲ್ಲಿ ಈ ಪ್ರಾಣಿ ನಿರ್ನಾಮವಾಯಿತೆಂದು ಸಾರಲಾಯಿತು. 1987ರಲ್ಲಿ ನಾಲ್ಕು ಜೋಡಿಗಳನ್ನು ಅಲಿಗೇಟರ್ ನದಿಯ ರಾಷ್ಟ್ರೀಯ ವನ್ಯಧಾಮಕ್ಕೆ ತಂದು ಬಿಟ್ಟರು.

ತೋಳಕ್ಕೆ ಬೇಲಿ ತಿಳಿಯದು. ಅದು ಖಾಸಗಿ ಜಮೀನುಗಳಿಗೂ ಹೋಯಿತು. ತಮ್ಮ ನೆಲದಲ್ಲಿ ತಾವು ಏನು ಮಾಡಬೇಕೆಂದು ದೂರದ ಸರಕಾರ ಹೇಳುವುದೇಕೆ ಎಂದು ರೈತರೂ ಬೇಟೆಗಾರರೂ ಕೇಳಿದರು. ಆ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. 1994ರಲ್ಲಿ ಉತ್ತರ ಕೆರೊಲಿನಾ ಶಾಸನಸಭೆ ಹೈಡ್ ಮತ್ತು ವಾಷಿಂಗ್ಟನ್ ಕೌಂಟಿಗಳ ಜಮೀನುದಾರರಿಗೆ ಕೆಲವು ಸಂದರ್ಭಗಳಲ್ಲಿ ತೋಳವನ್ನು ಕೊಲ್ಲಲು ಅನುಮತಿ ನೀಡಿತು. ಕೇಂದ್ರದ ನಿಯಮವಾದರೋ ಮನುಷ್ಯರ ಪ್ರಾಣಕ್ಕೆ ಅಪಾಯ ಒದಗಿದಾಗ, ಸಾಕುಪ್ರಾಣಿಯನ್ನು ಕೊಲ್ಲುತ್ತಿರುವಾಗ, ಹೀಗೆ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಕೊಟ್ಟಿತ್ತು. ಎರಡು ಕೌಂಟಿಗಳೂ ಇಬ್ಬರು ನಿವಾಸಿಗಳೂ ಹೂಡಿದ ‘ಗಿಬ್ಸ್ ವಿರುದ್ಧ ಬ್ಯಾಬಿಟ್’ ಮೊಕದ್ದಮೆಯಲ್ಲಿ 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಕೇಂದ್ರದ ನಿಯಮವನ್ನೇ ಎತ್ತಿಹಿಡಿಯಿತು. ಪ್ರವಾಸೋದ್ಯಮ, ಸಂಶೋಧನೆ ಮುಂತಾದವುಗಳ ಮೂಲಕ ತೋಳಕ್ಕೂ ಅಂತರರಾಜ್ಯ ವಾಣಿಜ್ಯಕ್ಕೂ ಸಂಬಂಧವಿದೆ ಎಂಬುದು ಬಹುಮತದ ವಾದ. ಒಬ್ಬ ನ್ಯಾಯಮೂರ್ತಿ ಭಿನ್ನಮತ ಬರೆದರು.

ಈ ಜಗಳದ ಬೇರು ನಮಗೆ ತುಸು ಅಪರಿಚಿತ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯೆಂದರೆ ಬಹುಮಟ್ಟಿಗೆ ಅಪರಾಧ. 1974ರಲ್ಲಿಯೇ ಮೇಲುಕೋಟೆಯಲ್ಲಿ ತೋಳಗಳಿಗಾಗಿ ವನ್ಯಧಾಮವಾಯಿತು. ಅಮೆರಿಕದಲ್ಲಿ ಬೇಟೆಯೇ ವನ್ಯಜೀವಿ ನಿರ್ವಹಣೆಯ ಒಂದು ಸಾಧನ. ಪರವಾನಗಿಯ ಶುಲ್ಕವೂ, 1937ರ ಕಾಯಿದೆಯಂತೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯೂ ರಾಜ್ಯಗಳ ವನ್ಯಜೀವಿ ಇಲಾಖೆಗಳನ್ನು ಪೋಷಿಸುತ್ತವೆ. ಆದ್ದರಿಂದ ಬೇಟೆಗಾರನ ಮಾತಿಗೆ ಇಲ್ಲಿ ತೂಕವಿದೆ.

ಇದರ ಪರಿಣಾಮ ಕಂಡದ್ದು ಕಯೋಟಿಯ ವಿಷಯದಲ್ಲಿ. ಪಶ್ಚಿಮದಿಂದ ವಲಸೆ ಬಂದ ಈ ಪ್ರಾಣಿ ದೂರದಿಂದ ಕೆಂಪು ತೋಳದಂತೆಯೇ ಕಾಣುತ್ತದೆ. ಅದರೊಂದಿಗೆ ಕೂಡಿ ಮರಿಯನ್ನೂ ಹಾಕುತ್ತದೆ. ವನ್ಯಜೀವಿ ಸೇವೆಯವರು ಕಯೋಟಿಗಳಿಗೆ ಸಂತಾನಹರಣ ಮಾಡಿ ಅಲ್ಲಿಯೇ ಬಿಟ್ಟರು. ಅವು ಜಾಗ ಕಾಯುತ್ತವೆ, ಬೆರಕೆ ಸಂತತಿ ಹುಟ್ಟುವುದಿಲ್ಲ ಎಂಬುದು ಉಪಾಯ. 2012ರಲ್ಲಿ ರಾಜ್ಯದ ಆಯೋಗ ರಾತ್ರಿ ದೀಪದ ಬೆಳಕಿನಲ್ಲಿ ಕಯೋಟಿ ಬೇಟೆಗೆ ಅನುಮತಿ ಕೊಟ್ಟಿತು. ಕತ್ತಲಲ್ಲಿ ಗುಂಡಿಗೆ ಭೇದ ತಿಳಿದೀತೆ? 2014ರಲ್ಲಿ ನ್ಯಾಯಾಲಯ ತೋಳಗಳಿದ್ದ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಯನ್ನೇ ತಡೆಯಿತು.

ಒಂದು ಕಾಲಕ್ಕೆ ನೂರನ್ನು ಮೀರಿದ್ದ ತೋಳಗಳು ಗುಂಡು, ವಾಹನ ಮತ್ತು ಆಡಳಿತದ ಹಿಂಜರಿಕೆಗೆ ಸಿಕ್ಕಿ 2020ರ ಹೊತ್ತಿಗೆ ಇಪ್ಪತ್ತಕ್ಕಿಂತ ಕೆಳಗಿಳಿದವು. 2015ರಲ್ಲಿ ನಿಂತಿದ್ದ ಬಿಡುಗಡೆಯನ್ನು ಪುನಃ ಆರಂಭಿಸಲು ನ್ಯಾಯಾಲಯವೇ 2021ರಲ್ಲಿ ಆದೇಶಿಸಬೇಕಾಯಿತು. 2022ರಲ್ಲಿ ನಾಲ್ಕು ವರ್ಷಗಳ ಬಳಿಕ ಕಾಡಿನಲ್ಲಿ ಮರಿಗಳು ಹುಟ್ಟಿದವು.

ಕಾನೂನು ಇಲ್ಲದಿದ್ದರೆ ಆ ಹದಿನಾಲ್ಕರೊಂದಿಗೇ ಕಥೆ ಮುಗಿಯುತ್ತಿತ್ತು. ಆದರೆ ನೆರೆಯವನು ಒಪ್ಪದಿದ್ದರೆ ಕಾನೂನಿನ ಕೈ ಗಟ್ಟಿಯಾಗದು. ತಮ್ಮ ಜಮೀನಿನಲ್ಲಿ ವನ್ಯಜೀವಿಗಳ ನೆಲೆಯನ್ನು ಸುಧಾರಿಸುವ ರೈತರಿಗೆ ನೆರವು ನೀಡುವ ಯೋಜನೆಯೊಂದು ಈಚೆಗೆ ಅಲ್ಲಿ ನಡೆದಿದೆ. ನನಗೆ ಹೆಚ್ಚು ಭರವಸೆ ಮೂಡಿಸಿದ್ದು ಅದು. ಕುರಿ ಕಳೆದುಕೊಂಡ ನಮ್ಮ ಕುರುಬನನ್ನು ಬಲ್ಲ ನಾನು ಹೈಡ್ ಕೌಂಟಿಯ ರೈತನನ್ನು ಹಳಿಯಲಾರೆ. ಹಳ್ಳಕ್ಕೆ ಬಿದ್ದ ತೋಳವನ್ನು ಮೇಲೆತ್ತಬೇಕಾದರೆ, ಕಲ್ಲು ಹಿಡಿದು ದಡದಲ್ಲಿ ನಿಂತವನೊಡನೆ ಮೊದಲು ಮಾತನಾಡಬೇಕು.